ಯಾವ ಕಡೆಯಿಂದ ನೋಡಿದ್ದು?

ಇವತ್ತು ಬೆಳಿಗ್ಗೆ ನನ್ನ ಕಂಪ್ಯೂಟರಿಗೆ ಹೊಸ ಕ್ಯಾಡ್ ತಂತ್ರಾಂಶ ಹಾಕಿಸಿಕೊಂಡೆ. ಯಂತ್ರದ ಬಿಡಿಭಾಗಗಳನ್ನು ಗೆರೆಗಳಲ್ಲಿ ಬರೆದುಕೊಡುವುದು ನನ್ನ ಕಸುಬು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಬಳೆ ಅಂಗಡಿಯ ಮೇಲಿನ ಒಂದು ಕೋಣೆಯೇ ನನ್ನ ಆಫೀಸು. ಪರದೆಯ ಮೂಲೆಯಲ್ಲಿ ದಾಳದಂಥ ಒಂದು ಪುಟ್ಟ ಘನ ತಿರುಗುತ್ತಿತ್ತು. ಈ ವಸ್ತುವಿನ ಮುಂಭಾಗ ಯಾವುದು ಎಂದು ಕೇಳುತ್ತಿತ್ತು. ಉತ್ತರ ಕೊಡದೆ ಮುಂದೆ ಬಿಡುವುದಿಲ್ಲ. ನೀವೇ ಹೇಳಿ, ಮನುಷ್ಯನಿಗೆ ಮೂಗಿದೆ, ಮನೆಗೆ ಬಾಗಿಲಿದೆ, ಬಸ್ಸಿಗೆ ಊರಿನ ಬೋರ್ಡಿದೆ. ಬಕೆಟ್ಟಿಗೆ ಏನಿದೆ? ಅದರ ಮುಂಭಾಗವನ್ನು ಯಾರು ನಿರ್ಧರಿಸಬೇಕು?

ಬೆರಳು ಮೌಸಿನ ಮೇಲೇ ನಿಂತಿತು. ನೆನಪಾದವರು ತಿಕೋಟಾದ ಶಿವಪುತ್ರಪ್ಪ ಮಿಸ್ತ್ರಿ.

ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ ನಾನು ದಿನಾಲು ವಿಜಯಪುರದಿಂದ ಬಸ್ಸು ಹಿಡಿದು ಅವರ ಶೆಡ್ಡಿಗೆ ಹೋಗುತ್ತಿದ್ದೆ. ಒಣದ್ರಾಕ್ಷಿಯ ಕಡ್ಡಿ ಬಿಡಿಸುವ ಮಶಿನ್‌ಗಳನ್ನು ಅವರು ಮಾಡುತ್ತಿದ್ದರು, ರಿಪೇರಿಯನ್ನೂ ಮಾಡುತ್ತಿದ್ದರು. ನನ್ನ ಕೆಲಸ ಡ್ರಾಯಿಂಗ್. ಮಿಸ್ತ್ರಿ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವರು, ಡ್ರಾಯಿಂಗ್ ಓದುವುದನ್ನು ತಾವೇ ಕಲಿತವರು. ಕಾಗದ ಕೈಗೆ ಬಂದ ಕೂಡಲೇ ಅವರು ಕಬ್ಬಿಣ ಮುಟ್ಟುತ್ತಿರಲಿಲ್ಲ. ಬಟ್ಟೆ ಒಗೆಯುವ ಸಬಕಾರದ ಬಾರು ತೆಗೆದುಕೊಂಡು, ಚಾಕುವಿನಿಂದ ಕೆತ್ತಿ, ಆ ಭಾಗದ ಸಣ್ಣ ಮಾದರಿ ಮಾಡಿ, ಅಂಗೈಯಲ್ಲಿ ತಿರುಗಿಸಿ ನೋಡುತ್ತಿದ್ದರು. ಒಪ್ಪಿಗೆಯಾದರೆ ಮಾದರಿ ಮನೆಗೆ ಹೋಗುತ್ತಿತ್ತು. ಅವರ ಮನೆಯ ಬಟ್ಟೆಗಳು ಎಷ್ಟೋ ತಿಂಗಳು ನನ್ನ ವಿದ್ಯೆಯಿಂದಲೇ ಬೆಳ್ಳಗಾದವು. ಆ ವಿದ್ಯೆಯಿಂದ ಆದ ನಿರ್ವಿವಾದ ಉಪಯೋಗ ಅದೊಂದೇ ಇರಬಹುದು.

ಆ ಸಲ ಹಂಗಾಮಿನ ನಡುವೆ ಗೌರಕ್ಕನ ಮಶಿನ್ ಕೆಟ್ಟಿತು. ಗೌರಕ್ಕ ಊರ ಹೊರಗೆ ಆರು ಎಕರೆ ದ್ರಾಕ್ಷಿ ತೋಟ ಮಾಡುವ ಹೆಂಗಸು. ಒಣಗಿದ ಹಣ್ಣು ಹೊರಗೆ ಜಾರಿ ಬೀಳುವ ತಗಡಿನ ಮೂತಿ ತುಕ್ಕು ಹಿಡಿದು ಮುರಿದಿತ್ತು. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಹನಿ ಬಿದ್ದರೆ ಒಣಗಲು ಬಲೆಯ ಮೇಲೆ ಹರವಿದ್ದ ಹಣ್ಣು ಕಪ್ಪಾಗುತ್ತದೆ, ಅಷ್ಟರೊಳಗೆ ಕಡ್ಡಿ ಬಿಡಿಸಿ ಒಳಗೆ ಹಾಕಬೇಕು. ನಾನು ಅಳತೆ ತಂದು ಕಂಪ್ಯೂಟರಿನಲ್ಲಿ ಹೊಸ ಮೂತಿಯ ಡ್ರಾಯಿಂಗ್ ಬರೆದೆ. ಮುಂದಿನಿಂದ ಒಂದು ನೋಟ, ಪಕ್ಕದಿಂದ ಒಂದು ನೋಟ.

ಮಿಸ್ತ್ರಿ ಕಾಗದ ನೋಡಿ ಕೇಳಿದರು, "ಈ ಪಕ್ಕದ್ದು ಯಾವ ಕಡಿಂದ ನೋಡಿದ್ದು ತಂಗಿ?"

"ಡ್ರಾಯಿಂಗ್‌ನ್ಯಾಗ ಎಲ್ಲಾ ಐತ್ರಿ ಕಾಕಾ. ಇವತ್ತ ಸಬಕಾರ ಕೆತ್ತಾಕ ಟೈಮಿಲ್ಲ" ಎಂದೆ ನಾನು, ದೊಡ್ಡ ಇಂಜಿನಿಯರಿನ ಗತ್ತಿನಲ್ಲಿ.

ಮಧ್ಯಾಹ್ನದೊಳಗೆ ಮೂತಿ ತಯಾರಾಯಿತು. ತೋಟಕ್ಕೆ ಒಯ್ದು ಬೋಲ್ಟ್ ಬಿಗಿದರೆ, ಬಾಗಿಲ ಕಡೆ ತಿರುಗಬೇಕಾದ ಮೂತಿ ಗೋಡೆ ಕಡೆ ತಿರುಗಿ ನಿಂತಿತ್ತು. ಬುಟ್ಟಿ ಹಿಡಿದು ಕಾಯುತ್ತಿದ್ದ ಹೆಂಗಸರೆಲ್ಲ ಅದನ್ನೇ ನೋಡಿದರು. ತಲೆಕೆಳಗು ಮಾಡಿ ಹಾಕೋಣವೆಂದರೆ ಹಣ್ಣು ಕೆಳಗೆ ಜಾರುವ ಬದಲು ಆಕಾಶಕ್ಕೆ ಏರಬೇಕಿತ್ತು.

ಮಿಸ್ತ್ರಿ ಮೂತಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಮೆಲ್ಲಗೆ, "ನಂದ ತಪ್ಪೈತ್ರಿ ಗೌರವ್ವಾ. ಉಲ್ಟಾ ಮಾಡೀನಿ" ಎಂದರು.

ತಪ್ಪು ನನ್ನ ಡ್ರಾಯಿಂಗಿನದೇ ಇರಬಹುದೇ ಎಂದು ನನ್ನೊಳಗೆ ಒಂದು ಸಂಶಯ ಆಡಿತು. ಆದರೆ ಅಷ್ಟು ಜನರ ಎದುರು ಸಂಶಯಕ್ಕೆ ಬಾಯಿ ಕೊಡುವ ಧೈರ್ಯ ಇರಲಿಲ್ಲ.

ಗೌರಕ್ಕ ಮಾತ್ರ ಮೋಡ ನೋಡಿದಳು, ಮಶಿನ್ ನೋಡಿದಳು, ಸೆರಗು ಸಿಕ್ಕಿಸಿದಳು. "ಮೂತಿ ತಿರುಗಲಿಲ್ಲಂದ್ರ ಮಶಿನ್ನ ತಿರುಗಿಸೋಣ ಬರ್ರೆ!" ಎಂದಳು. ಹತ್ತು ಜನ ಸೇರಿ ಆ ಭಾರದ ಮಶಿನ್ನನ್ನು ಇಂಚಿಂಚು ಸರಿಸಿ, ಬೆನ್ನನ್ನು ಬಾಗಿಲಿಗೆ ಮಾಡಿ ನಿಲ್ಲಿಸಿದೆವು. ಮೋಟಾರಿನ ವಾಯರ್ ಪ್ಲಗ್ಗಿನವರೆಗೆ ಮುಟ್ಟಲಿಲ್ಲ, ಪಂಪ್‌ಸೆಟ್ಟಿನದನ್ನು ಬಿಚ್ಚಿ ತಂದು ಜೋಡಿಸಿದರು. ಹಣ್ಣು ಬಾಗಿಲ ಕಡೆಗೇ ಸುರಿಯಿತು. ಹೆಂಗಸರು ನಕ್ಕರು. ಮಿಸ್ತ್ರಿ ನಗಲಿಲ್ಲ.

ಸಂಜೆ ಬಸ್ಸಿನಲ್ಲಿ ಕೂತು ಕಾಗದ ಬಿಡಿಸಿದೆ. ಇಲ್ಲಿ ಸ್ವಲ್ಪ ತಾಳ್ಮೆ ಇರಲಿ, ವಿಷಯ ಸರಳವಿದೆ. ಪಕ್ಕದ ನೋಟವನ್ನು ಕಾಗದದ ಮೇಲೆ ಎಲ್ಲಿ ಇಡಬೇಕೆನ್ನುವುದಕ್ಕೆ ಎರಡು ಪದ್ಧತಿಗಳಿವೆ. ನಾವು ಕಲಿತದ್ದರಲ್ಲಿ, ಎಡಗಡೆಯಿಂದ ಕಂಡದ್ದನ್ನು ಬಲಗಡೆ ಬರೆಯುತ್ತಾರೆ. ಇನ್ನೊಂದರಲ್ಲಿ, ಬಲಗಡೆಯಿಂದ ಕಂಡದ್ದೇ ಬಲಗಡೆ ಕೂರುತ್ತದೆ. ನನ್ನ ಕಂಪ್ಯೂಟರು ಎರಡನೆಯ ಪದ್ಧತಿಯಲ್ಲಿ ಬರೆದಿತ್ತು, ಮಿಸ್ತ್ರಿ ಮೊದಲನೆಯದರಲ್ಲಿ ಓದಿದ್ದರು. ಯಾವ ಪದ್ಧತಿ ಎಂದು ತಿಳಿಸಲು ಮೂಲೆಯಲ್ಲಿ ಒಂದು ಸಣ್ಣ ಗುರುತು ಇರುತ್ತದೆ. ಈ ಕಾಗದದಲ್ಲಿ ಅದಿರಲಿಲ್ಲ. ಅಳಿಸಿದವಳು ನಾನೇ. ಆ ಜಾಗದಲ್ಲಿ ನನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು.

ಮುಂದಿನ ಸ್ಟಾಪಿನಲ್ಲಿ ಇಳಿದು, ಎದುರಿನ ಬಸ್ಸು ಹತ್ತಿ ತಿರುಗಿ ಹೋದೆ.

ಶೆಡ್ಡಿನಲ್ಲಿ ಮಿಸ್ತ್ರಿ ಸ್ಪ್ಯಾನರ್‌ಗಳನ್ನು ಎಣ್ಣೆ ಒರೆಸಿ ಒಂದೊಂದಾಗಿ ಗೋಣಿಚೀಲದಲ್ಲಿ ಸುತ್ತುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇದೇನ್ರಿ ಕಾಕಾ?"

"ಕಣ್ಣಿನ ಆಪರೇಶನ್ ಆದಾಗಿಂದ ಅಂಜಿಕಿ ಇತ್ತವಾ. ಈಗ ಎಡಾ ಬಲಾನೂ ತಿಳೀವಲ್ದು. ನಾಳೆ ಯಾರದರ ಕೈ ಮಶಿನ್ನಿಗೆ ಸಿಕ್ಕರ? ಸಾಕು, ಬಂದ್ ಮಾಡ್ತೀನಿ."

ಎರಡು ತಾಸು. ನಾನು ಸುಮ್ಮನಿದ್ದ ಎರಡು ತಾಸಿನಲ್ಲಿ ಇವರು ತಮ್ಮ ಕಣ್ಣನ್ನೂ ತಲೆಯನ್ನೂ ಕೈಬಿಟ್ಟು ಕೂತಿದ್ದರು. ಕಾಗದ ಅವರ ಮುಂದಿಟ್ಟು ಎಲ್ಲ ಹೇಳಿದೆ. ಹೇಳುವಾಗ ಅತ್ತೆ.

ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ಏರಿಸಿ ಕಾಗದಕ್ಕೆ ಬಾಗಿದರು. "ಅಂದ್ರ ಬಲಕ್ಕ ಕಂಡದ್ದು ಬಲಕ್ಕ? ಹಂಗೂ ಬರೀತಾರೇನು?" ಕೈ ತಾನಾಗಿ ಸಬಕಾರದ ಬಾರಿನ ಕಡೆ ಹೋಯಿತು. ಕೆತ್ತಿದರು, ತಿರುಗಿಸಿದರು. "ನಮ್ದು ನೆರಳಿನಂಗ ನೋಡು. ಈ ಕಡಿಂದ ಬ್ಯಾಟರಿ ಬಿಟ್ರ ನೆರಳು ಆ ಕಡಿಗೆ ಬೀಳ್ತೈತಿ. ಇವರದು ಗಾಜಿನ ಪೆಟಗಿಯಂಗ. ಕಂಡದ್ದು ಕಂಡ ಗಾಜಿನ ಮ್ಯಾಲೇ. ಎರಡೂ ಖರೇನ ಅದಾವು!" ಮೂರು ವರ್ಷ ಕಾಲೇಜಿನಲ್ಲಿ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಅವರ ಹೆಂಡತಿ ಸದ್ದಿಲ್ಲದೆ ಸ್ಪ್ಯಾನರ್‌ಗಳನ್ನು ಗೋಣಿಯಿಂದ ತೆಗೆದು ಮತ್ತೆ ಗೋಡೆಗೆ ನೇತುಹಾಕತೊಡಗಿದರು.

ಆಮೇಲೆ ಮಿಸ್ತ್ರಿ ಗಂಭೀರರಾದರು. "ನನಗ ಹೇಳಿದಿ, ಚಲೋ ಆತು. ಆದರ ಗೌರವ್ವನ ಮುಂದ ಕೆಟ್ಟದ್ದು ನನ್ನ ಹೆಸರು. ಅಲ್ಲಿ ಹೋಗಿ ಹೇಳು."

ಹೋದೆ. ಹೆಂಗಸರೆಲ್ಲ ಅಲ್ಲೇ ಇದ್ದರು, ಅವರೆದುರಿಗೇ ಹೇಳಿದೆ. ಗೌರಕ್ಕ ಕೇಳಿ, ಸೊಂಟದ ಮೇಲೆ ಕೈಯಿಟ್ಟು, "ಹಂಗಾರ ಹಂಗಾಮು ಮುಗದ ಮ್ಯಾಲ ಮಶಿನ್ ತಿರುವಿ ಇಡಾಕ ನೀನ ಬರಬೇಕು ನೋಡವಾ. ಬಾಜೂಕ ನಿಂತು ಹೇಳಾಕಲ್ಲ, ದಬ್ಬಾಕ" ಎಂದಳು. ಬೇಸಿಗೆ ಮುಗಿದಾಗ ಮಿಸ್ತ್ರಿ ಸರಿಯಾದ ಮೂತಿ ಮಾಡಿಕೊಟ್ಟರು, ನಾನು ಹೋಗಿ ದಬ್ಬಿದೆ. ಮೂರು ದಿನ ಸೊಂಟ ನೋವಿತ್ತು. ಮಿಸ್ತ್ರಿ ಅದಾದ ಮೇಲೂ ಆರು ಹಂಗಾಮು ಕೆಲಸ ಮಾಡಿದರು.

ಇಷ್ಟೆಲ್ಲ ನೆನೆಯುತ್ತ ಕೂತಾಗ ಇವತ್ತಿನ ಕೆಲಸ ಹಾಗೇ ಉಳಿದಿತ್ತು. ಬಬಲೇಶ್ವರದ ರೈತರೊಬ್ಬರ ಬೀಜ ಬಿತ್ತುವ ಕೂರಿಗೆಗೆ ಒಂದು ಹೊಸ ಭಾಗ ಬರೆಯಬೇಕಿತ್ತು. ಮೊದಲಾಗಿದ್ದರೆ ನನಗೆ ಚಂದ ಕಂಡ ಮುಖವನ್ನೇ ಮುಂಭಾಗ ಎಂದು ಒತ್ತಿಬಿಡುತ್ತಿದ್ದೆ. ಈಗ ಅವರಿಗೇ ಫೋನ್ ಮಾಡಿದೆ.

"ಯಜಮಾನ್ರ, ನಿಮ್ಮ ಕೂರಿಗಿಗೆ ಮುಂದ ಅಂದ್ರ ಯಾವ ಕಡಿರಿ?"

ಅವರು ತಿರುಗಿ ನನ್ನನ್ನೇ ಕೇಳಿದರು.

"ಎತ್ತಿಗೆ ಮುಂದಿಂದು ಕೇಳಾಕತ್ತೀರೋ, ಹಿಂದ ಬೀಜ ಬಿಡೋ ನಮ್ಮ ಮನ್ಯಾಕಿಗೆ ಮುಂದಿಂದು ಕೇಳಾಕತ್ತೀರೋ?"

"ಅವರು ಈಗ ಹೊಲದಾಗ ಅದಾರೇನ್ರಿ?" ಎಂದು ಕೇಳಿದೆ. ಅದಾಳ ಎಂದರು. "ಹಂಗಾರ ಅವರನ್ನ ಕೇಳ್ತೀನಿ, ಬರ್ತೀನ್ರಿ" ಎಂದೆ. ಕಂಪ್ಯೂಟರ್ ಮುಚ್ಚಿ, ಅಳತೆಯ ಟೇಪು ಚೀಲಕ್ಕೆ ಹಾಕಿಕೊಂಡು, ಬಬಲೇಶ್ವರದ ಬಸ್ಸು ಎಷ್ಟೊತ್ತಿಗೆ ಎಂದು ಕೆಳಗೆ ಬಳೆ ಅಂಗಡಿಯವರನ್ನು ಕೇಳುತ್ತ ಮೆಟ್ಟಿಲಿಳಿದೆ.