ಕೋರ್ಟಿನಲ್ಲಿ ಆಮೆನ್ ಅಂದವರು

ಕ್ಲೀವ್‌ಲ್ಯಾಂಡಿನ ಪೂರ್ವಕ್ಕಿರುವ ನಮ್ಮ ಕರಿಯರ ಕೇರಿಯಲ್ಲಿ ಮಿಸ್ ಒಡೀಲಿಯ ಪೆಟಿಗ್ರೂಗೆ ಹೆದರದವರಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯವೆಲ್ಲ ಸೌಟು ಹಿಡಿದವರು. ಈಗ ಭಾನುವಾರ ಬಿಳಿ ಕೈಗವಸು ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತು, ಯಾರು ಎಲ್ಲಿ ಕೂರಬೇಕೆಂದು ಬೆರಳಲ್ಲೇ ಹೇಳುತ್ತಾರೆ. ಪಾದ್ರಿಗಳೂ ಆ ಬೆರಳು ಮೀರುವುದಿಲ್ಲ.

ಈ ಚಳಿಗಾಲ ಪೆಟ್ರೋಲ್ ಬಂಕಿನಲ್ಲಿ, ಬಿಸಿಯಾಗಲೆಂದು ಯಾರೋ ಚಾಲೂ ಬಿಟ್ಟಿದ್ದ ಕಾರನ್ನು ನಮ್ಮ ಕೇರಿಯ ಹದಿನೈದರ ಹುಡುಗ ಕೆಂಡ್ರೆಲ್ ಓಡಿಸಿಕೊಂಡು ಹೋಗಿ ಹಿಮದ ಗುಡ್ಡೆಗೆ ಗುದ್ದಿದ. ತಪ್ಪೇ, ಇಲ್ಲವೆನ್ನುವುದಿಲ್ಲ. ಸರ್ಕಾರಿ ವಕೀಲರು ಅವನನ್ನು ದೊಡ್ಡವರ ಕೋರ್ಟಿಗೇ ಕಳಿಸಬೇಕೆಂದು ಹಟ ಹಿಡಿದರು. ಅಲ್ಲಿಗೆ ಹೋದರೆ ಮುಂದೆ ದೊಡ್ಡವರ ಜೈಲು. ಅದೇ ತಿಂಗಳು ದಿನ್ನೆ ಮೇಲಿನ ಬಡಾವಣೆಯ ಬಿಳಿ ಡಾಕ್ಟರ ಮಗ, ಅದೇ ವಯಸ್ಸು, ಪಕ್ಕದ ಮನೆಯ ಕಾರು ಕದ್ದು ಗ್ಯಾರೇಜಿನ ಬಾಗಿಲನ್ನೇ ಸೀಳಿದ್ದ. ಅದಕ್ಕೆ ‘ಹುಡುಗಾಟ’ ಅಂತ ಹೆಸರಿಟ್ಟು ಮನೆಗೆ ಕಳಿಸಿದರು.

ವಿಚಾರಣೆಯ ದಿನ ಮಿಸ್ ಒಡೀಲಿಯ ಚರ್ಚಿನ ನಮ್ಮನ್ನೆಲ್ಲ ಭಾನುವಾರದ ಬಟ್ಟೆಯಲ್ಲಿ ಕೋರ್ಟಿಗೆ ಹೊರಡಿಸಿದರು.

“ಹುಡುಗನ ಹಿಂದೆ ಜನ ಇದಾರೆ ಅಂತ ಜಡ್ಜಿಗೆ ಕಾಣ್ಬೇಕು. ಬಾಯಿ ಮಾತ್ರ ಹೊಲ್ಕೊಂಡು ಕೂತ್ಕೊಳಿ!”

“ತಾಯಿ ಹಗಲೂ ರಾತ್ರಿ ಆಸ್ಪತ್ರೆ ಕೆಲಸದಲ್ಲಿರ್ತಾಳೆ. ನೋಡ್ಕೊಳ್ಳೋರಿಲ್ಲದ ಹುಡುಗ ತಿದ್ಕೊಳಲ್ಲ,” ಎಂದರು ಸರ್ಕಾರಿ ವಕೀಲರು. ಕೆಂಡ್ರೆಲನ ವಕೀಲೆ ಎದ್ದಳು. ಎಳೇ ಹುಡುಗಿ, ಎರಡು ಮಾತಿಗೇ ತಡವರಿಸಿದಳು. ನಮ್ಮ ಚರ್ಚಲ್ಲಿ ಬೋಧಕರು ತಡವರಿಸಿದರೆ ಕೈಬಿಡುವ ಪದ್ಧತಿಯಿಲ್ಲ, ಕೂತವರೇ ಕೂಗಿ ಹುರಿದುಂಬಿಸುತ್ತೇವೆ.

“ನಿಧಾನ ಮಗಳೇ, ನಿಧಾನ!” ಎಂದುಬಿಟ್ಟರು ಮಿಸ್ ಒಡೀಲಿಯ.

“ಹೇಳಮ್ಮ, ಬಿಡ್ಬೇಡ!” ಎಂದ ಕ್ಷೌರದ ರೂಫಸ್.

ಹುಡುಗಿಯ ದನಿ ಏರಿತು. “ಡಾಕ್ಟರ ಮಗ ಮಾಡಿದ್ರೆ ಹುಡುಗಾಟ, ಇವನು ಮಾಡಿದ್ರೆ ಗಂಡಸಾಗಿಬಿಟ್ನಾ?”

“ಆಮೆನ್!” ಬೆಂಚಿಗೆ ಬೆಂಚೇ ಗುಡುಗಿತು.

ಜಡ್ಜ್ ಸುತ್ತಿಗೆ ಕುಟ್ಟಿದರು. “ಇದು ಚರ್ಚಲ್ಲ! ಶುರು ಮಾಡಿದ್ದು ಯಾರು?”

ಮಿಸ್ ಒಡೀಲಿಯ ಎದ್ದರು. “ನಾನೇ ಸ್ವಾಮಿ. ತಪ್ಪಾಯ್ತು, ಅಭ್ಯಾಸ.”

“ಇಷ್ಟು ಮಾತಾಡ್ತೀರಲ್ಲ, ಸ್ಕೂಲ್ ಬಿಟ್ಮೇಲೆ ಇವನನ್ನ ನೋಡ್ಕೊಳ್ಳೋರು ಯಾರು, ಹೇಳಿ?”

ಬಿಳಿ ಕೈಗವಸಿನ ಬೆರಳು ಮೇಲೆದ್ದಿತು. ರೂಫಸ್ ತಟ್ಟನೆ ನಿಂತ. “ಸೋಮವಾರ ನನ್ನಂಗಡೀಲಿ ಕೂದ್ಲು ಗುಡಿಸ್ತಾನೆ.” ಬೆರಳು ಸರಿಯಿತು. ಮೇಷ್ಟರಾಗಿದ್ದ ವರ್ನೆಲ್ ಎದ್ದರು. “ಮಂಗಳವಾರ ನನ್ಹತ್ರ ಲೆಕ್ಕ.” ಬುಧವಾರ ಹಾಡು, ಗುರುವಾರ ಹಿಮ ಎತ್ತೋದು... ಕೆಂಡ್ರೆಲನ ಮುಖ ಸಪ್ಪಗಾಯಿತು.

“ಅಮ್ಮಾ, ರಜಾನೇ ಇಲ್ವಾ?”

“ಬಾಯ್ಮುಚ್ಕೊಂಡು ನಿಂತ್ಕೊಳೋ!” ಮುಂದಿನ ಬೆಂಚಿನಿಂದ ಗದರಿದಳು ತಾಯಿ.

ಜಡ್ಜ್ ನಗು ತಡೆದುಕೊಂಡು ಹೇಳಿದರು: “ಹುಡುಗ ಮಕ್ಕಳ ಕೋರ್ಟಲ್ಲೇ ಇರ್ಲಿ.”

ಅವನ ತಾಯಿ ರೂಫಸನನ್ನೇ ಎತ್ತಿ ತಿರುಗಿಸಿದಳು. ನಾನೂ ಕುಣಿದೆ. ಆದರೂ ಡಾಕ್ಟರ ಮಗನಿಗೆ ಒಬ್ಬ ಅಪ್ಪ ಸಾಕಾಯಿತು. ನಮ್ಮವನಿಗೆ ಇಡೀ ಚರ್ಚೇ ಬರಬೇಕಾಯಿತು. ಚರ್ಚೂ ಇಲ್ಲದವನ ಗತಿಯೇನು?

“ನಡೀರಿ, ಚರ್ಚಲ್ಲಿ ಮಾಡಿಟ್ಟಿರೋ ಕರಿದ ಕೋಳಿ ಆರೋಗತ್ತೆ,” ಎಂದು ರೂಫಸ್ ಅವಸರ ಮಾಡಿದ. ಅಷ್ಟರಲ್ಲಿ ಮುಂದಿನ ಕೇಸಿನ ಹುಡುಗನನ್ನು ಕರೆತಂದರು. ಕಾಲಿಗೆ ಸರಪಳಿ, ಹಿಂದೆ ಒಂದು ನರಪಿಳ್ಳೆಯೂ ಇಲ್ಲ. ಎದ್ದಿದ್ದ ಮಿಸ್ ಒಡೀಲಿಯ ಸ್ಕರ್ಟು ಸರಿಮಾಡಿಕೊಂಡು ಕೂತುಬಿಟ್ಟರು. ನಾವೂ ಕೂತೆವು.

“ನೀವಿನ್ನೂ ಹೋಗಿಲ್ವಾ?” ಎಂದರು ಜಡ್ಜ್.

“ಇವನೂ ನಮ್ಮವನೇ, ಸ್ವಾಮಿ.”

“ಹೌದಾ? ಹೆಸರೇನು ಇವನದು?”

“ಈಗ ಕೂಗ್ತಾರಲ್ಲ, ತಿಳ್ಕೋತೀವಿ.”