ಲೈನ್ ಮನೆಗೆ ಬಂದ ಅತಿಥಿ

ಕಳಸದಿಂದ ಮೇಲೆ, ಜೀಪು ಕೂಡ ಗೊಣಗಿಕೊಂಡೇ ಹತ್ತುವ ಗುಡ್ಡದ ತುದಿಯಲ್ಲಿ ನಮ್ಮದೊಂದು ಹಾಸ್ಟೆಲ್ ಇದೆ. ಓದುವ ಮಕ್ಕಳದ್ದಲ್ಲ, ಬೆಟ್ಟ ಹತ್ತಲು ಬಂದವರು ಒಂದೆರಡು ದಿನ ತಂಗುವ ಜಾಗ. ಮೊದಲು ಅದು ತೋಟದ ಕೆಲಸದವರ ಲೈನ್ ಆಗಿತ್ತು, ಒಂದಕ್ಕೊಂದು ಅಂಟಿಕೊಂಡ ಸಾಲು ಕೋಣೆಗಳು. ನಮ್ಮ ಮಾವನವರು ಕಟ್ಟಿಸಿದ್ದು. ಕೆಳಗೆ ರಸ್ತೆ ಪಕ್ಕ ಹೊಸ ಮನೆಗಳಾಗಿ ಎಲ್ಲರೂ ಇಳಿದು ಹೋದ ಮೇಲೆ ಪಾಳು ಬಿದ್ದಿತ್ತು. ಒಮ್ಮೆ ದಾರಿ ತಪ್ಪಿದ ಕೆಲವು ಹುಡುಗರು ಅಲ್ಲಿ ಮಲಗಿ, ಬೆಳಿಗ್ಗೆ ನಮ್ಮಲ್ಲಿ ಅಕ್ಕಿರೊಟ್ಟಿ ತಿಂದು ಹೋದವರು ಮುಂದಿನ ತಿಂಗಳು ಗೆಳೆಯರನ್ನೂ ಕಟ್ಟಿಕೊಂಡು ಬಂದರು. ನಾನು ಒಳಗೋಡೆಗಳನ್ನು ಒಡೆಸಿ, ಮಂಚದ ಮೇಲೆ ಮಂಚ ಹಾಕಿಸಿದೆ.

ಬಂದವರು ಮತ್ತೆ ಬರುತ್ತಾರೆ. ಅಲ್ಲಿ ಮೊಬೈಲ್ ಸಿಗುವುದಿಲ್ಲ, ಹಂಡೆಯಲ್ಲಿ ಸೌದೆ ಉರಿಯ ಬಿಸಿನೀರು, ಕಿಟಕಿ ತೆಗೆದರೆ ಕಣಿವೆ. ಎಲ್ಲಕ್ಕಿಂತ ಹೆಚ್ಚಾಗಿ ಅವರು ಹೊಗಳುವುದು ನಮ್ಮ ಉದ್ದನೆಯ ಹಲಸಿನ ಮೇಜನ್ನು. ಡಾಕ್ಟರೂ ಅವರ ಡ್ರೈವರೂ ಅದರ ಮುಂದೆಯೇ ಅಕ್ಕಪಕ್ಕ ಕೂರಬೇಕು, ಉಂಡವರೇ ತಮ್ಮ ತಟ್ಟೆ ತೊಳೆಯಬೇಕು. ನಿಯಮ ನನ್ನದೇ. ಊಟಕ್ಕೆ ಮುಂಚೆ ಎದ್ದು ನಿಂತು, "ಈ ಮೇಜಿನಲ್ಲಿ ದೊಡ್ಡವರು ಚಿಕ್ಕವರು ಅಂತಿಲ್ಲ" ಎಂದು ಪುಟ್ಟ ಭಾಷಣ ಬಿಗಿಯುತ್ತೇನೆ. ಜನ ಚಪ್ಪಾಳೆ ತಟ್ಟಿದ್ದೂ ಉಂಟು, ನಾನು ಉಬ್ಬಿದ್ದೂ ಉಂಟು.

ಈ ಸಲ ಕೊಯ್ಲು ಮುಗಿದ ಮೇಲೆ ಚಿಕ್ಕಮಗಳೂರಿನಿಂದ ಒಬ್ಬ ನರ್ಸ್ ಕೆಳಗಿರುವ ನಮ್ಮ ಮನೆಗೆ ಫೋನ್ ಮಾಡಿದಳು.

"ನಾವ್ ಮುಂಚೆ ನಿಮ್ ಲೈನಲ್ಲೇ ಇದ್ವಿ ಮೇಡಂ. ಅಮ್ಮನ್ನ ಕರ್ಕೊಂಡು ಬರ್ತೀನಿ. ಅವ್ರು ಅಲ್ಲಿ ಒಂದಿನನಾದ್ರೂ ಕೂತು ಉಣ್ಬೇಕು, ಬೇರೆಯವ್ರು ಬಡಿಸ್ಬೇಕು. ಅದೊಂದೇ ನನ್ನಾಸೆ."

ಆ ತಾಯಿ ಯಾರೆಂದು ತಕ್ಷಣ ಗೊತ್ತಾಯಿತು. ನಾನು ಮದುವೆಯಾಗಿ ಬಂದಾಗಿನಿಂದ ಎಷ್ಟೋ ವರ್ಷ ನಮ್ಮ ಮನೆಯ ಪಾತ್ರೆ ತೊಳೆದವಳು.

ಇಸ್ತ್ರಿ ಮಾಡಿದ ಸೀರೆಯುಟ್ಟು ಆಕೆ ಜೀಪಿನಿಂದಿಳಿದಾಗ, ಬಾಯಿಗೆ ಬಂದ "ಬಾ"ವನ್ನು ನುಂಗಿಕೊಂಡು "ಬನ್ನಿ" ಎಂದೆ.

"ಎಂತದಮ್ಮ, ನಂಗೆ ಬನ್ನಿ ಅಂತೀರಲ್ಲ!" ಎಂದು ಆಕೆ ನಾಚಿ ನಕ್ಕಳು. ಒಳಗೆ ಹೋಗಿ ಒಂದು ಮಂಚದ ಹತ್ತಿರ ನಿಂತು, "ನಮ್ ಒಲೆ ಇಲ್ಲಿತ್ತು" ಎಂದು ಮಗಳಿಗೆ ತೋರಿಸಿದಳು.

ಆ ಸಂಜೆ ಕಡುಬು, ಕೋಳಿ ಸಾರು. ಆಕೆಗೆ ನಾನೇ ಬಡಿಸಿದೆ. ಬೆಂಚಿನ ತುದಿಯಲ್ಲಿ ಕೂತಿದ್ದರೂ ಆಕೆ ಕೇಳಿ ಕೇಳಿ ಹಾಕಿಸಿಕೊಂಡು ಉಂಡಳು. ಮಗಳು ತನ್ನ ಊಟ ಬಿಟ್ಟು ತಾಯಿಯನ್ನೇ ನೋಡುತ್ತಿದ್ದಳು. ಎಂಥ ಒಳ್ಳೆಯ ಕೆಲಸ ಮಾಡಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಊಟ ಮುಗಿಯಿತು. ಪಕ್ಕದಲ್ಲಿದ್ದ ಅತಿಥಿಗೆ ನಾನು ಲೈನ್ ಹಾಸ್ಟೆಲ್ ಆದ ಕಥೆ ಹೇಳುತ್ತಿದ್ದೆ. ಬೆನ್ನ ಹಿಂದೆ ಯಾರೋ ಬಂದು ನಿಂತರು. ನಾನು ಮಾತು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಎಂಜಲು ತಟ್ಟೆಯನ್ನು ಎತ್ತಿ ಹಿಂದಕ್ಕೆ ಚಾಚಿದೆ. ಕೈ ತಾನಾಗಿಯೇ ಚಾಚಿತು. ಆಕೆ ತೆಗೆದುಕೊಂಡಳು.

"ಅಮ್ಮಾ, ಇಡು ಅದನ್ನ!"

ಎದುರಿಗೆ ಮಗಳು ಎದ್ದು ನಿಂತಿದ್ದಳು.

"ಇರ್ಲಿ ಬಿಡೇ, ಒಂದ್ ತಟ್ಟೆ ಅಲ್ವ" ಎಂದು ತಾಯಿ ಆಗಲೇ ಹೊರಗಿನ ನಲ್ಲಿಯತ್ತ ಹೊರಟಿದ್ದಳು. ಮಗಳು ನನ್ನ ಕಡೆ ತಿರುಗಿದಳು. "ನೀವಾದ್ರೂ ಬೇಡ ಅನ್ಬಹುದಿತ್ತಲ್ಲ ಮೇಡಂ."

ನಾಚಿಕೆಯಿಂದ ನನ್ನ ಮುಖ ಉರಿಯಿತು. ಆ ಹುಡುಗಿ ಕೇಳಿದ್ದು ಒಂದೇ ಒಂದು ಊಟ. ಅದನ್ನೂ ನಾನು ಕೆಡಿಸಿದ್ದೆ. ಓಡಿ ಹೋಗಿ, "ಕೊಡಿ ಇಲ್ಲಿ, ನನ್ ತಟ್ಟೆ ನಾನೇ ತೊಳೀತೀನಿ" ಎಂದು ಕೈ ಹಾಕಿದೆ. ಆಕೆ ಹೆಗಲು ಅಡ್ಡ ಕೊಟ್ಟು ತಟ್ಟೆಯನ್ನು ಮರೆ ಮಾಡಿಕೊಂಡಳು.

"ಬಿಡೀಮ್ಮ, ನಿಮ್ಗೆಲ್ಲಿ ಅಭ್ಯಾಸ."

ಚುಚ್ಚಿ ಆಡಿದ ಮಾತಲ್ಲ. ನಿಜವಾದ ಕಕ್ಕುಲಾತಿಯಿಂದಲೇ ಹೇಳಿದ್ದು. ಆದರೆ ಆ ನಲ್ಲಿಯ ಹತ್ತಿರ ನನ್ನ ತಟ್ಟೆ ಹಿಡಿದು ನಿಂತ ಒಂದು ದಿನವೂ ನನಗೆ ನೆನಪಾಗಲಿಲ್ಲ. ಭಾಷಣ, ಊಟ, ಹರಟೆ ಎಲ್ಲ ಮುಗಿಸಿ ನಾನು ಏಳುವಷ್ಟರಲ್ಲಿ ಮೇಜು ದಿನವೂ ಖಾಲಿಯಾಗಿರುತ್ತಿತ್ತು. ನನ್ನ ತಟ್ಟೆ ಯಾರು ಎತ್ತುತ್ತಾರೆಂದು ಕೇಳಿದವಳೇ ಅಲ್ಲ.

ಹಿಂದೆ ಯಾರೋ "ಸ್ವಲ್ಪ ಜಾಗ ಬಿಡಿ" ಎಂದರು. ಅತಿಥಿಗಳೆಲ್ಲ ತಂತಮ್ಮ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಬರಿಗೈಯಲ್ಲಿ ಇದ್ದವಳು ನಾನೊಬ್ಬಳೇ.