ಹಿಂದಿನ ಬಸ್ಸಿನ ಅಯ್ಯನವರು

೧೯೯೪ರ ಜುಲೈ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಐವತ್ತು ನಿಮಿಷಕ್ಕೆ ಪಾದ್ರಿ ಸುವಾರ್ತಮ್ಮ ರೊಟ್ಟಿಯ ತಟ್ಟೆಯ ಮೇಲೆ ಬಿಳಿ ಬಟ್ಟೆಯನ್ನು ಮತ್ತೆ ಹೊದಿಸುತ್ತಿದ್ದರು. ಸ್ವಲ್ಪ ಹೊತ್ತಿನ ಮುಂಚೆ ಆ ಬಟ್ಟೆ ತೆಗೆದವರೂ ಅವರೇ. ತೆಗೆದು, ಕರ್ತನ ಭೋಜನದಲ್ಲಿ ಪಾಲುಗೊಳ್ಳುವವರು ಮುಂದೆ ಬನ್ನಿರಿ ಎಂದು ಕರೆದಿದ್ದರು. ಯಾರೂ ಏಳಲಿಲ್ಲ. ಕರ್ತನ ಭೋಜನವೆಂದರೆ ಪಾದ್ರಿ ಪ್ರಾರ್ಥಿಸಿ ತನ್ನ ಕೈಯಾರೆ ಕೊಡುವ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಪಾದ್ರಿ ಅದನ್ನು ಒಬ್ಬಂಟಿಯಾಗಿ ತೆಗೆದುಕೊಳ್ಳುವಂತಿಲ್ಲ, ಜೊತೆಗೆ ಒಬ್ಬರಾದರೂ ಬೇಕು ಎಂಬುದು ಆಂಗ್ಲಿಕನ್ ಪಾದ್ರಿಗಳ ಕಾಲದಿಂದ ಅಲ್ಲಿ ನಡೆದುಬಂದ ರೂಢಿ. ಹೀಗಾಗಿ ಆ ದಿನ ಸುವಾರ್ತಮ್ಮನವರಿಗೂ ರೊಟ್ಟಿ ಇಲ್ಲ.

ಇದು ನಡೆದ ಊರು ಹಗರಿಬೊಮ್ಮನಹಳ್ಳಿಯಿಂದ ಕೋಗಳಿ ಕಡೆಗೆ ಹೋಗುವ ದಾರಿಯಲ್ಲಿದೆ. ಕಲ್ಲಿನ ಗೋಡೆ, ಹೆಂಚಿನ ಮಾಡು ಇದ್ದ ಅಲ್ಲಿನ ದೇವಾಲಯವನ್ನು ಊರವರೆಲ್ಲ ಏಸು ಗುಡಿ ಎನ್ನುತ್ತಿದ್ದರು. ಸುವಾರ್ತಮ್ಮ ಹುಟ್ಟಿದ್ದು ಕೂಡ್ಲಿಗಿ ಹತ್ತಿರ. ತಂದೆ ಪಾಲಣ್ಣ ಅಲ್ಲಿನ ದೇವಾಲಯದಲ್ಲಿ ಗಂಟೆ ಬಾರಿಸುತ್ತಿದ್ದರು; ತಂದೆಗೆ ಜ್ವರ ಬಂದಾಗ ಹಗ್ಗ ಜಗ್ಗುತ್ತಿದ್ದವಳು ಈ ಮಗಳು. ಕೆಲ ವರ್ಷ ಶಾಲೆಯಲ್ಲಿ ಪಾಠ ಹೇಳಿದರು. ಆಮೇಲೆ ದೇವಶಾಸ್ತ್ರ ಓದಿ, ಬಹಳ ಕಾಲ ಸಹಾಯಕಿಯಾಗಿದ್ದು, ನಲವತ್ತು ದಾಟಿದ ಮೇಲೆ ಪಾದ್ರಿಯ ದೀಕ್ಷೆ ಪಡೆದರು. ಈ ಕಡೆಯ ತಾಲ್ಲೂಕುಗಳ ಕ್ರೈಸ್ತ ಸಭೆಗಳಲ್ಲಿ ಹಾಗೆ ದೀಕ್ಷೆ ಪಡೆದ ಮೊದಲ ಹೆಂಗಸು ಅವರು. ಮದುವೆಯಾಗಿರಲಿಲ್ಲ.

ತೊಡಕು ಶುರುವಾದದ್ದು ಒಂದು ಮಾತಿನಿಂದ. ಅಲ್ಲಿ ಪಾದ್ರಿಯನ್ನು ಅಯ್ಯನವರು ಎನ್ನುತ್ತಾರೆ, ಪಾದ್ರಿಯ ಹೆಂಡತಿಯನ್ನು ಅಮ್ಮನವರು ಎನ್ನುತ್ತಾರೆ. ಆ ವರ್ಷ ಜೂನಿನಲ್ಲಿ ಸುವಾರ್ತಮ್ಮ ಬಂದಿಳಿದ ದಿನ ಸಭೆಯ ಹಿರಿಯ ಗಾಳೆಪ್ಪ ಟ್ರಂಕು ಇಳಿಸಿಕೊಂಡು, ಬಸ್ಸಿನ ಬಾಗಿಲನ್ನೇ ನೋಡುತ್ತ ನಿಂತಿದ್ದ.

"ಅಮ್ಮಾರ, ಅಯ್ನಾರು ಹಿಂದಿನ ಬಸ್ಸಿಗೆ ಬರ್ತಾರೇನ್ರಿ?"

"ಹಿಂದಿನ ಬಸ್ಸಿಗೆ ಯಾರೂ ಬರಂಗಿಲ್ಲ ಗಾಳೆಪ್ಪಣ್ಣ. ನಾನ ಬಂದೀನಿ."

ಗಾಳೆಪ್ಪ ನಕ್ಕ, ತಮಾಷೆ ಎಂದುಕೊಂಡು. ಹಿಂದೆ ಬರುತ್ತಿದ್ದ ಬಸ್ಸು ಬಂದು ಹೋಗುವವರೆಗೂ ಟ್ರಂಕು ಹೊರಲಿಲ್ಲ.

ಸಭೆಯವರು ಕೆಟ್ಟವರಲ್ಲ. ಪ್ರಸಂಗ ಕೇಳುತ್ತಿದ್ದರು, ಜ್ವರದ ಕೂಸುಗಳನ್ನು ತಂದು ಪ್ರಾರ್ಥನೆ ಮಾಡಿಸುತ್ತಿದ್ದರು, ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಕಳಿಸುತ್ತಿದ್ದರು. ಬಟ್ಟೆ ತೆಗೆದ ಕೂಡಲೇ ಮಾತ್ರ ಎಲ್ಲರೂ ನೆಲ ನೋಡುತ್ತಿದ್ದರು. ಮೊದಲು ಗಂಡಸರ ಸಾಲು ಏಳಬೇಕು, ಆಮೇಲೆ ಹೆಂಗಸರದು. ಗಂಡಸರು ಏಳುತ್ತಿರಲಿಲ್ಲ, ಏಳುವ ಮನಸ್ಸಿದ್ದ ಹೆಂಗಸರೂ ಕುಳಿತೇ ಇರುತ್ತಿದ್ದರು.

"ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಅಮ್ಮಾರ," ಎಂದ ಗಾಳೆಪ್ಪ ಒಮ್ಮೆ. "ರೊಟ್ಟಿ ಮಾತ್ರ ಅಯ್ನಾರ ಕೈಯಿಂದನ ಆಗಬೇಕು. ಬಂದ ಮ್ಯಾಲೆ ತಗೊಂತೀವಿ."

"ಯಾರು ಬಂದ ಮ್ಯಾಲೆ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಪಕ್ಕದ ಮನೆಯ ನಾಗಲಿಂಗಮ್ಮ ಮಠದ ಭಕ್ತೆ. ಸಂಜೆ ಕಟ್ಟೆಯ ಮೇಲೆ ಕೂತು, "ನಮ್ಮ ಕಡಿಗೂ ಅಯ್ನಾರು ಅಂದ್ರ ಗಂಡಸ್ರ ಅದಾರ ನೋಡ್ರಿ. ನೀವು ಹೆಂಗ ಆದ್ರಿ?" ಎಂದು ಕೇಳಿದಳು.

"ಓದಿ ಆದೆ."

"ಓದಿದ್ರ ಗಂಡಸ್ರು ಆಗ್ತಾರೇನು! ಮೊದಲ ಹೇಳಿದ್ರ ನನ್ನ ಮಗನ್ನೂ ಓದಿಸ್ತಿದ್ದೆ. ಇನ್ನೂ ಗಂಡಸು ಆಗವಲ್ಲ, ನಾಯಿ ಬೊಗಳಿದ್ರ ನನ್ನ ಹಿಂದ ನಿಂದರ್ತಾನ."

ಇಬ್ಬರೂ ನಕ್ಕರು. ಆಕೆ ಒಳಗೆ ಹೋದ ಮೇಲೆ ಸುವಾರ್ತಮ್ಮ ಕಂದೀಲು ಹಚ್ಚಿ ಒಬ್ಬರೇ ಉಂಡರು. ತಟ್ಟೆ ತೊಳೆಯುವ ಸದ್ದು ಬಿಟ್ಟರೆ ಆ ಮನೆಯಲ್ಲಿ ಬೇರೆ ಸದ್ದು ಇರುತ್ತಿರಲಿಲ್ಲ. ತಿಂಗಳಿಗೊಮ್ಮೆ ಬಟ್ಟೆ ತೆಗೆಯುವುದು, ಮತ್ತೆ ಹೊದಿಸುವುದು ನಡೆದೇ ಇತ್ತು. ರೊಟ್ಟಿ ಕೊಡಲಾರದ ಪಾದ್ರಿ ಪಾದ್ರಿಯೇ ಅಲ್ಲ ಎಂಬುದು ಅವರಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಅಕ್ಟೋಬರಿನಲ್ಲಿ ಗಾಳೆಪ್ಪನ ತಾಯಿ ದ್ಯಾಮಕ್ಕ ಹಾಸಿಗೆ ಹಿಡಿದಳು. ಕಣ್ಣುಗಳು ಎಂದೋ ಮಂಜಾಗಿದ್ದವು. ಒಂದು ಮಧ್ಯಾಹ್ನ ಸುವಾರ್ತಮ್ಮ ನೋಡಲು ಹೋದಾಗ ಮುದುಕಿ, "ಯಾರು, ಅಯ್ನಾರು ಬಂದ್ರೇನು? ನನಗ ಕರ್ತನ ಭೋಜನ ಕೊಡ್ರಿ, ತಿರುಗಿ ಏಳಂಗಿಲ್ಲ ನಾ," ಎಂದಳು.

ಚೀಲದಲ್ಲಿ ಕರ್ತನ ಭೋಜನದ ಸಣ್ಣ ಡಬ್ಬಿ ಇತ್ತು. ತೆರೆದು ಕೊಟ್ಟುಬಿಡಬಹುದಿತ್ತು. ಕಾಣದ ಕಣ್ಣಿಗೆ ತಾನು ಅಯ್ಯನವರಾಗಿಯೇ ಉಳಿಯಬಹುದಿತ್ತು. ಸುವಾರ್ತಮ್ಮ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ದ್ಯಾಮವ್ವ, ನಾನು ಸುವಾರ್ತಿ. ಹೆಣ್ಮಗಳು. ಗೊತ್ತೈತಲ್ಲ?"

"ಕಣ್ಣು ಹೋಗ್ಯಾವ ತಾಯಿ, ಕಿವಿ ಹೋಗಿಲ್ಲ. ಗುಡಿಯಾಗ ನಾಕು ತಿಂಗಳು ನಿನ್ನ ದನಿ ಕೇಳೀನಿ. ಗಂಡಸ್ರು ಏಳ್ಲಿ ಅಂತ ಕುಂತು ಕುಂತು ಸೊಂಟ ಹೋತು. ಇಲ್ಲಿ ಯಾವ ಸಾಲೈತಿ? ಕೊಡು."

ಅಷ್ಟರಲ್ಲಿ ಗಾಳೆಪ್ಪ ಬಾಗಿಲಿಗೆ ಬಂದು ನಿಂತ. ತಾಯಿಗೆ ಹೆಜ್ಜೆ ಕೇಳಿಸಿತು.

"ಗಾಳ್ಯಾ, ನೀ ಮೊದಲು ತಗೊಂತೀಯೇನಲೇ? ಇಲ್ಲಂದ್ರ ಬಾಗಲ ಬಿಟ್ಟು ನಿಂದ್ರು, ಗಾಳಿ ಬರ್ಲಿ."

ಗಾಳೆಪ್ಪ ಬಾಗಿಲು ಬಿಟ್ಟು ನಿಂತ. ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಸುವಾರ್ತಮ್ಮ ಪ್ರಾರ್ಥನೆ ಹೇಳಿ, ರೊಟ್ಟಿ ಮುರಿದು, ಒಂದು ತುಣುಕನ್ನು ತಾವು ತೆಗೆದುಕೊಂಡು ಇನ್ನೊಂದನ್ನು ದ್ಯಾಮಕ್ಕನ ಅಂಗೈಗೆ ಇಟ್ಟರು. ಮುದುಕಿ ಅದನ್ನು ಬಹಳ ಹೊತ್ತು ಅಗಿದಳು, ಹಲ್ಲಿರಲಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚೆಯೇ ದ್ಯಾಮಕ್ಕ ತೀರಿಕೊಂಡಳು. ಮಣ್ಣಿಗೆ ಕರೆಯಲು ಗಾಳೆಪ್ಪನೇ ಬಂದ. ಅಮ್ಮಾರ ಎನ್ನಲಿಲ್ಲ, ಅಯ್ನಾರ ಎಂದೂ ಎನ್ನಲಿಲ್ಲ. "ಬರ್ರಿ," ಎಂದನಷ್ಟೆ. ಮುಂದಿನ ತಿಂಗಳೂ ಗುಡಿಯಲ್ಲಿ ಯಾರೂ ಏಳಲಿಲ್ಲ.

ಆಮೇಲೆ ಅವರು ಹಡಗಲಿಯಲ್ಲಿ, ಕೊಟ್ಟೂರಿನಲ್ಲಿ ಕೆಲಸ ಮಾಡಿ ೨೦೦೮ರಲ್ಲಿ ನಿವೃತ್ತರಾದರು. ಹಡಗಲಿಯಲ್ಲಿ ಜನ ಎದ್ದು ಬಂದರು, ಮೊದಮೊದಲು ಹೆಂಗಸರು, ಬರಬರುತ್ತ ಗಂಡಸರೂ. ದ್ಯಾಮಕ್ಕನ ಬಳಿಕ ಅವರನ್ನು ಅಯ್ಯನವರು ಎಂದು ಕರೆದವರು ಮಾತ್ರ ಮತ್ತೆ ಯಾರೂ ಸಿಗಲಿಲ್ಲ. ಶಾಲೆಯ ದಿನಗಳಲ್ಲಿ ಬಂದಿದ್ದ ಟೀಚರಮ್ಮ ಎಂಬ ಹೆಸರು ಕೊನೆಯವರೆಗೂ ಉಳಿಯಿತು.

ಜೊತೆಯ ಪಾದ್ರಿಗಳು ನೆನೆಯುವುದು ೧೯೯೫ರ ಜನವರಿಯಲ್ಲಿ ಹರಪನಹಳ್ಳಿಯಲ್ಲಿ ಸೇರಿದ ವಾರ್ಷಿಕ ಕೂಟವನ್ನು. ಹೋದ ವರ್ಷ ತಮ್ಮ ಕೈಯಿಂದ ಕರ್ತನ ಭೋಜನ ತೆಗೆದುಕೊಂಡವರು ಎಷ್ಟು ಮಂದಿ ಎಂದು ಒಬ್ಬೊಬ್ಬ ಪಾದ್ರಿಯೂ ಎದ್ದು ಹೇಳಬೇಕು. ಪಾದ್ರಿಯೂ ಆ ಲೆಕ್ಕಕ್ಕೆ ಸೇರುತ್ತಾರೆ. ಒಬ್ಬರು ನೂರಾ ಹತ್ತು ಎಂದರು, ಇನ್ನೊಬ್ಬರು ಎಂಬತ್ತಾರು. ಊರಿನ ಪ್ರತಿನಿಧಿಯಾಗಿ ಬಂದಿದ್ದ ಗಾಳೆಪ್ಪ ಪಕ್ಕದಿಂದ ಪಿಸುಗುಟ್ಟಿದ:

"ನಲವತ್ತು ಅನ್ರಿ. ಗುಡಿಗಿ ಅಷ್ಟು ಮಂದಿ ಬರ್ತೀವಲ್ಲ. ಸುಳ್ಳೇನಲ್ಲ."

"ಬಂದವರನ್ನ ಕೇಳ್ತಿಲ್ಲ ಗಾಳೆಪ್ಪಣ್ಣ."

"ಹಂಗಾರ ಸೊನ್ನಿ ಅಂತೀರೇನು? ನಮ್ಮವ್ವನೂ ಹೋದ್ಲು."

ಅಷ್ಟರಲ್ಲಿ ಅಧ್ಯಕ್ಷರು ಊರಿನ ಹೆಸರು ಕೂಗಿದರು. ಸುವಾರ್ತಮ್ಮ ಎದ್ದು ನಿಂತು, ಶಾಲೆಯಲ್ಲಿ ಹಾಜರಿ ಕರೆಯುತ್ತಿದ್ದ ಅದೇ ದನಿಯಲ್ಲಿ, ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದರು:

"ಇಬ್ಬರು."